ಕುಸ್ತಿಗೆ ತೂಕ ಇಳಿಸುವುದು ಹೇಗೆ? ಬಲ ಉಳಿಸಿಕೊಂಡೇ ತಕ್ಕಡಿ ಹತ್ತಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ಸುತ್ತಿನಲ್ಲೇ ಹಾಲಿ ಚಾಂಪಿಯನ್ ಯುಯಿ ಸುಸಾಕಿಯನ್ನು ಸೋಲಿಸಿ, 50 ಕೆಜಿ ವಿಭಾಗದ ಫೈನಲ್ ತಲುಪಿದ್ದರು. ಪಂದ್ಯಗಳ ನಡುವೆ ತಿಂದದ್ದು, ಕುಡಿದದ್ದು ಸೇರಿ ತೂಕ ಮತ್ತೆ ಏರಿತು. ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿದರೂ ಫೈನಲ್ ದಿನ ಬೆಳಿಗ್ಗೆ ಮತ್ತೆ ತೂಕ ಹಾಕಿದಾಗ 100 ಗ್ರಾಂ ಜಾಸ್ತಿ ಬಂತು. ಅನರ್ಹಗೊಂಡರು.

ಆ 100 ಗ್ರಾಂ ನಮಗೆಲ್ಲ ನೆನಪಿದೆ. ಆದರೆ ತಕ್ಕಡಿ ಪಾಸಾದವರೂ ಅವಸರದ ಇಳಿಕೆಗೆ ಅಖಾಡದಲ್ಲಿ ಬೆಲೆ ತೆರುತ್ತಾರೆ. ಒಂದೆರಡು ದಿನದಲ್ಲಿ ಇಳಿಯುವುದು ಕೊಬ್ಬಲ್ಲ, ಹೆಚ್ಚಿನದೆಲ್ಲ ನೀರು. ನೀರು ಹೋದರೆ ರಕ್ತದ ಪ್ರಮಾಣ ತಗ್ಗುತ್ತದೆ, ಹೃದಯ ಜೋರಾಗಿ ಬಡಿಯಬೇಕಾಗುತ್ತದೆ, ಮೈಬಿಸಿ ಸರಿಯಾಗಿ ಹೊರಹೋಗುವುದಿಲ್ಲ. ಊಟ ಬಿಟ್ಟಿದ್ದರೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ (ದುಡಿಮೆಗೆ ಇಂಧನವಾಗುವ ಸಕ್ಕರೆಯ ದಾಸ್ತಾನು) ಕೂಡ ಖಾಲಿ. ಮೋಸ ಎಲ್ಲಿದೆ ಗೊತ್ತಾ? ಒಂದೇ ಸಲ ಭಾರ ಎತ್ತುವ ಬಲ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಪೈಲ್ವಾನರಿಗೆ ‘ನಾನು ಚೆನ್ನಾಗೇ ಇದ್ದೇನೆ’ ಅನಿಸುತ್ತದೆ. ಮತ್ತೆ ಮತ್ತೆ ಪಟ್ಟು ಹಾಕಬೇಕಾದಾಗ, ಅಂದರೆ ಪಂದ್ಯದ ಮೂರು ನಿಮಿಷದ ಎರಡನೇ ಅವಧಿಯಲ್ಲಿ, ಕೈಕಾಲು ಸೋಲುತ್ತವೆ.

ಹಂತ 1: ಮೊದಲು ವಿಭಾಗ ಆರಿಸಿ

ಒಂದೆರಡು ವಾರ ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ತೂಕ ನೋಡಿ. ಅದರ ಸರಾಸರಿಯೇ ನಿಮ್ಮ ನಿಜವಾದ ತೂಕ. 60 ಕೆಜಿ ಇದ್ದವರು 57ಕ್ಕೆ ಬರಬೇಕೆಂದರೆ ಶೇ 5ರಷ್ಟು ಇಳಿಸಬೇಕು. ಸಮಯವಿದ್ದರೆ ಇದು ಸಾಧ್ಯ. ಅದಕ್ಕಿಂತ ದೂರವಿದ್ದರೆ ಮೇಲಿನ ವಿಭಾಗದಲ್ಲೇ ಆಡಿ. ಇನ್ನೂ ಬೆಳೆಯುತ್ತಿರುವ ಮಕ್ಕಳಿಗಂತೂ ತೂಕ ಇಳಿಸುವ ಮಾತೇ ಬೇಡ. ಕೋಚ್ ಹೇಳಿದರೂ ಪೋಷಕರು ಒಪ್ಪಬಾರದು.

ಹಂತ 2: ಐದಾರು ವಾರ ಮುಂಚೆ ಶುರು ಮಾಡಿ

ವಾರಕ್ಕೆ ಸುಮಾರು ಶೇ 1, ಅಂದರೆ 60 ಕೆಜಿಯವರಿಗೆ 600 ಗ್ರಾಂ ಸಾಕು. ಎಣ್ಣೆತಿಂಡಿ, ಸಿಹಿ, ರಾತ್ರಿಯ ಎರಡನೇ ಬಡಿಸುವಿಕೆ ಬಿಡಿ. ಮೊಟ್ಟೆ, ಹಾಲು, ಕಾಳು, ಕೋಳಿ ಬಿಡಬೇಡಿ, ಸ್ನಾಯು ಉಳಿಯುವುದು ಅವುಗಳಿಂದ. ಅಭ್ಯಾಸಕ್ಕೆ ಮುಂಚೆ ಅನ್ನ, ಮುದ್ದೆ ಇರಲಿ.

ಹಂತ 3: ಕೊನೆಯ ಎರಡು ದಿನ

ಸೊಪ್ಪು, ಕಾಳು, ಹಸಿ ತರಕಾರಿ ಸ್ವಲ್ಪ ಕಡಿಮೆ ಮಾಡಿ. ನಾರು ಕಡಿಮೆಯಾದರೆ ಹೊಟ್ಟೆ ಹಗುರಾಗುತ್ತದೆ, ಬಲಕ್ಕೆ ಪೆಟ್ಟಿಲ್ಲ. ನೀರು ನಿಲ್ಲಿಸಬೇಡಿ.

ಪ್ಲಾಸ್ಟಿಕ್ ಸೂಟ್ ಹಾಕಿ ಓಡುವುದು, ಸೌನಾದಲ್ಲಿ (ಬೆವರಿಳಿಸುವ ಬಿಸಿ ಕೋಣೆ) ಕೂರುವುದು, ಭೇದಿ ಮಾಡಿಸುವ ಮಾತ್ರೆ ನುಂಗುವುದು ಬೇಡವೇ ಬೇಡ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರು ಹರಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಸೌನಾ, ರಬ್ಬರ್ ಸೂಟ್ ನಿಷೇಧಿಸಿ, ಮೂತ್ರ ಪರೀಕ್ಷೆಯಿಂದ ದೇಹದ ನೀರಿನಂಶ ನೋಡುವ ನಿಯಮ ತಂದಿತು. ಮೂತ್ರ ಹೆಚ್ಚಿಸುವ ಮಾತ್ರೆಗಳಂತೂ ಡೋಪಿಂಗ್ ನಿಷೇಧಿತ ಪಟ್ಟಿಯಲ್ಲೇ ಇವೆ. ಸಿಕ್ಕಿಬಿದ್ದರೆ ಅಮಾನತು.

ಹಂತ 4: ತೂಕ ಹಾಕಿದ ಮೇಲೆ

ಎಂಎಂಎಯಲ್ಲಿ (ಮಿಶ್ರ ಸಮರ ಕಲೆ) ಸಾಮಾನ್ಯವಾಗಿ ಹಿಂದಿನ ದಿನವೇ ತೂಕ. ಕುಸ್ತಿ, ಅಮೆಚೂರ್ ಬಾಕ್ಸಿಂಗ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆ. ಸಿಗುವುದು ಕೆಲವೇ ಗಂಟೆ. ಬೆವರಿನಲ್ಲಿ ಒಂದು ಕೆಜಿ ಹೋಗಿದ್ದರೆ ಸುಮಾರು ಒಂದೂವರೆ ಲೀಟರ್ ಕುಡಿಯಬೇಕು. ಬರೀ ನೀರಲ್ಲ, ಓಆರ್‌ಎಸ್, ಉಪ್ಪು ಹಾಕಿದ ಗಂಜಿ. ಗಟಗಟ ಅಲ್ಲ, ಸ್ವಲ್ಪ ಸ್ವಲ್ಪವೇ. ಜೊತೆಗೆ ಬಾಳೆಹಣ್ಣು, ಮೆತ್ತಗಿನ ಅನ್ನ. ಆದರೂ ಖಾಲಿಯಾದ ಗ್ಲೈಕೋಜೆನ್ ತುಂಬಲು ಸುಮಾರು ಒಂದು ದಿನ ಬೇಕು. ಅದಕ್ಕೇ ಎರಡನೇ ಹಂತಕ್ಕೆ ಇಷ್ಟು ಒತ್ತು.

ತಲೆ ಸುತ್ತುವುದು, ಮಾತು ತೊದಲುವುದು, ಮೈ ಕಾದಿದ್ದರೂ ಬೆವರು ನಿಂತುಹೋಗುವುದು ಕಂಡರೆ ತಕ್ಕಡಿ ಮರೆತು ಮೈ ತಂಪು ಮಾಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.