ಗುಜರಿಗೆ ಹೋಗಬೇಕಿದ್ದ ಲ್ಯಾಪ್‌ಟಾಪ್ ಮನೆಯ ಫೋಟೋ ಪೆಟ್ಟಿಗೆಯಾಯಿತು

ನನ್ನ ಭಾಮೈದ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನನ್ನ ಹಳೆ ಲ್ಯಾಪ್‌ಟಾಪ್ ನೋಡಿ ನಕ್ಕ. ‘ಭಾವ, ಇದನ್ನ ಗುಜರಿಗೆ ಹಾಕಿ. ತಿಂಗಳಿಗೆ ಐನೂರು ಆರುನೂರು ಕಟ್ಟಿದ್ರೆ ಕ್ಲೌಡಲ್ಲೇ ಬೇಕಾದಷ್ಟು ಜಾಗ ಸಿಗುತ್ತೆ’ ಅಂದ. ಆ ಲ್ಯಾಪ್‌ಟಾಪ್ ಈಗ ತುಮಕೂರಿನ ನಮ್ಮನೆ ಹಾಲ್‌ನಲ್ಲಿ, ಟಿವಿ ಹಿಂದೆ, ಮುಚ್ಚಳ ಮುಚ್ಚಿಕೊಂಡು, ಮನೆಯ ಫೋಟೋಗಳನ್ನೆಲ್ಲ ಇಟ್ಟುಕೊಂಡು ಹಗಲೂ ರಾತ್ರಿ ಓಡುತ್ತಿದೆ. ಐದು ತಿಂಗಳಾಯಿತು. ಬರೆಯೋಣ ಅನಿಸಿದ್ದು ಅದಕ್ಕೇ.

ಮಷೀನು 2014ರ ಸುಮಾರಿನದು, ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ್‍ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್, ಮತ್ತು ಇಂಟೆಲ್ ಪ್ರೊಸೆಸರ್ ಆಗಿದ್ದರೆ ಕನಿಷ್ಠ ಎಂಟನೇ ತಲೆಮಾರು. ನಮ್ಮ ಹತ್ತಿರ ಎರಡೂ ಇಲ್ಲ. ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಡೆಬಿಯನ್ ಲಿನಕ್ಸ್ ಹಾಕಿದೆ. ಅದನ್ನು ಹೇಗೆ ಹಾಕೋದು ಅಂತ ನಿಮಗೆ ಹೇಳಬೇಕಿಲ್ಲ.

ದುಡ್ಡು ಹೋದ ಕಥೆ ಹೇಳುತ್ತೇನೆ. ಮೊದಲು ರ್‍ಯಾಮ್. ಬೆಳಗಿನ ರೈಲಿಗೆ ಹೋಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ 8 ಜಿಬಿ ಸ್ಟಿಕ್ ತಂದೆ, ಏಳುನೂರು ಇರಬೇಕು. ಮನೆಗೆ ಬಂದು ಹಾಕಿದರೆ ಪರದೆ ಕಪ್ಪು, ಫ್ಯಾನ್ ಮಾತ್ರ ಸುತ್ತುತ್ತದೆ. ಬೋರ್ಡ್ ಸತ್ತಿತು ಅಂದುಕೊಂಡೆ. ಆಮೇಲೆ ಭೂತಗನ್ನಡಿ ಹಿಡಿದು ಸ್ಟಿಕ್ ಮೇಲಿನ ಚೀಟಿ ಓದಿದೆ: ಪಿಸಿ3 ಅಂತಿದೆ, ಪಕ್ಕದಲ್ಲಿ ‘ಎಲ್’ ಇಲ್ಲ. ಈ ತಲೆಮಾರಿನ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಸ್ಟಿಕ್ಕೇ ಬೇಕು, ನಾನು ತಂದದ್ದು 1.5 ವೋಲ್ಟಿನದು. ಒಂದೇ ಒಂದು ಅಕ್ಷರ! ವಾಪಸ್ ತಗೊಳ್ಳಲ್ಲ ಅಂದರು. ಸರಿಯಾದದ್ದಕ್ಕೆ ಇನ್ನೊಂದು ಒಂಬೈನೂರು.

ಆಮೇಲೆ ಡಿವಿಡಿ ಜಾಗಕ್ಕೆ ಕ್ಯಾಡಿ, ಅಂದರೆ ಅಲ್ಲಿ ಇನ್ನೊಂದು ಡಿಸ್ಕ್ ಕೂರಿಸುವ ಚೌಕಟ್ಟು. 12.7 ಮಿಮೀ ದಪ್ಪದ್ದು ತಂದೆ, ನನ್ನದಕ್ಕೆ ಬೇಕಿದ್ದದ್ದು 9.5. ಡಿವಿಡಿ ಡ್ರೈವ್ ಬಿಚ್ಚಿ ಸ್ಕೇಲಿಟ್ಟು ಅಳೆದು ಹೋಗಿ, ಅಷ್ಟೇ.

ದೊಡ್ಡ ಪೆಟ್ಟು ಎಸ್‌ಎಸ್‌ಡಿಯದು. ಆನ್‌ಲೈನಲ್ಲಿ 1 ಟಿಬಿ ಸಾವಿರದ ಒಂಬೈನೂರಕ್ಕೆ! ಆ ರೇಟು ನೋಡಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಆಸೆ ಬಂತು. ಫೋಟೋ ಎಲ್ಲ ತುಂಬಿಸಿದೆ, ಎಲ್ಲಾ ಸರಿಯಾಗಿ ಕೂತಂತೆ ಕಂಡಿತು. ವಾರದ ಮೇಲೆ ತೆರೆದರೆ ಮಗಳ ನಾಮಕರಣದ ಫೋಟೋ ಅರ್ಧಕ್ಕೆ ಬೂದಿ ಬಣ್ಣ. ಡಿಸ್ಕಿನ ಅಸಲಿ ಜಾಗ ಅಳೆಯುವ ಎಫ್3 ಅನ್ನೋ ತಂತ್ರಾಂಶ ಓಡಿಸಿ ನೋಡಿದೆ. ಒಳಗಿದ್ದದ್ದು ನಿಜವಾಗಿ ಅರವತ್ತು ಚಿಲ್ಲರೆ ಜಿಬಿ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಹಳೆಯದರ ಮೇಲೇ. ಪುಣ್ಯಕ್ಕೆ ಫೋನಿನಿಂದ ಅಳಿಸಿರಲಿಲ್ಲ. ಈಗ ಯಾವ ಡಿಸ್ಕ್ ತಂದರೂ ಮೊದಲು ಎಫ್3, ಆಮೇಲೆ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್, ಆಮೇಲೇ ಫೋಟೋ. ಅಸಲಿ 1 ಟಿಬಿಗೆ ಐದು ಸಾವಿರದ ಮೇಲಾಯಿತು. ಒಟ್ಟು ಹನ್ನೊಂದು ಸಾವಿರದ ಹತ್ತಿರ, ಅದರಲ್ಲಿ ಮೂರು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಲೆಕ್ಕ.

ಮಧ್ಯದಲ್ಲೊಂದು ಹುಚ್ಚು ಪ್ರಯೋಗವೂ ಆಯಿತು. ಡ್ರಾಯರಲ್ಲಿದ್ದ ಹಳೆ ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ (ಫೋನಿನಲ್ಲೇ ಲಿನಕ್ಸ್ ತಂತ್ರಾಂಶ ಓಡಿಸುವ ಆ್ಯಪ್) ಹಾಕಿ ಅದನ್ನೇ ಸರ್ವರ್ ಮಾಡಿದೆ. ಕರೆಂಟ್ ಖರ್ಚು ಲೆಕ್ಕಕ್ಕೇ ಇಲ್ಲ, ಖುಷಿಯೋ ಖುಷಿ. ಇಪ್ಪತ್ತು ದಿನ ಚಾರ್ಜರಿನಲ್ಲೇ ಇತ್ತು. ಒಂದು ಬೆಳಗ್ಗೆ ನೋಡಿದರೆ ಹಿಂದಿನ ಮುಚ್ಚಳ ಎದ್ದು ನಿಂತಿದೆ, ಬ್ಯಾಟರಿ ಪೂರಿ ತರ ಉಬ್ಬಿದೆ. ಅದರಿಂದ ಕಲಿತು ಲ್ಯಾಪ್‌ಟಾಪಿನ ಬ್ಯಾಟರಿ ಶೇಕಡಾ 60ಕ್ಕಿಂತ ಮೇಲೆ ಚಾರ್ಜ್ ಆಗದಂತೆ ಕಟ್ಟಿಹಾಕಿದ್ದೇನೆ.

ಫೋಟೋಗೆ ಇಮಿಚ್, ಗೂಗಲ್ ಫೋಟೋಸ್ ತರದ್ದೇ, ಆದರೆ ನಮ್ಮ ಮಷೀನಿನಲ್ಲೇ ಓಡುವ ತಂತ್ರಾಂಶ. ನಲವತ್ತು ಸಾವಿರ ಚಿಲ್ಲರೆ ಫೋಟೋ, 300 ಜಿಬಿ ಆಸುಪಾಸು. ಮುಖ ಗುರುತಿಸುವ ಕೆಲಸ ಶುರು ಮಾಡಿದ ದಿನ ಮಷೀನು 90 ಡಿಗ್ರಿ ಮುಟ್ಟಿತು. ಬಿಚ್ಚಿದರೆ ಫ್ಯಾನಿನ ಬಾಯಿಗೆ ಕಂಬಳಿ ತರ ಧೂಳು, ಪ್ರೊಸೆಸರಿನ ಶಾಖ ದಾಟಿಸುವ ಪೇಸ್ಟ್ ಒಣಗಿ ಸುಣ್ಣ. ಧೂಳು ತೆಗೆದು ಹೊಸ ಪೇಸ್ಟ್ ಬಳಿದ ಮೇಲೆ ಎಪ್ಪತ್ತಕ್ಕಿಳಿಯಿತು. ಆದರೂ ಮುಗಿಯಲು ಆರು ದಿನ. ಅವಸರ ಇದ್ದವರು ಆ ಕೆಲಸವನ್ನು ಮಾತ್ರ ಮನೆಯ ಇನ್ನೊಂದು ಗಟ್ಟಿ ಮಷೀನಿಗೆ ದಾಟಿಸಬಹುದು, ಇಮಿಚ್ ಬಿಡುತ್ತದೆ. ಒಮ್ಮೆ ಬಿಡುಗಡೆಯ ಟಿಪ್ಪಣಿ ಓದದೆ ಅಪ್‌ಡೇಟ್ ಒತ್ತಿ ಡೇಟಾಬೇಸ್ ಏಳದೆ ಮಲಗಿತು. ತಪ್ಪು ನನ್ನದೇ. ಹಳೆ 500 ಜಿಬಿ ಹಾರ್ಡ್‌ಡಿಸ್ಕ್ ಕ್ಯಾಡಿಯಲ್ಲಿ ಕೂತು ದಿನಾ ರಾತ್ರಿ ನಕಲು ಇಟ್ಟುಕೊಳ್ಳುತ್ತಿದ್ದರಿಂದ ಬದುಕಿದೆ.

ಸುಮ್ನೆ ಒಂದು ಆಟ: ಇಮಿಚ್‌ನಲ್ಲಿ ಫೋಟೋ ಹುಡುಕಿಕೊಡುವ ಎಐ ಮಾಡೆಲ್ ಬದಲಿಸಿ ಬಹುಭಾಷೆಯದು ಹಾಕಿ ಕನ್ನಡದಲ್ಲಿ ಹುಡುಕಿದೆ. ಎಲ್ಲಾ ಫೋಟೋ ಮತ್ತೆ ಮೊದಲಿಂದ ಓದಿಸಬೇಕು, ಇನ್ನೆರಡು ದಿನ. ‘ಆನೆ’ ಅಂದರೆ ಆನೆ ಬಂತು. ‘ತಟ್ಟೆ ಇಡ್ಲಿ’ ಅಂದರೆ ಕ್ಯಾತ್ಸಂದ್ರದ ಹೋಟೆಲ್ ಫೋಟೋ ಬರಲಿ ಅಂತ ಕಾದರೆ, ಅಮ್ಮನ ಸ್ಟೀಲ್ ಡಬ್ಬಿಗಳು ಬಂದವು.

ಜಾಹೀರಾತು ತಡೆಯಲು ಅದೇ ಪೆಟ್ಟಿಗೆಯಲ್ಲಿ ಪೈ-ಹೋಲ್. ಮನೆಯ ಸಾಧನಗಳೆಲ್ಲ ವೆಬ್ ವಿಳಾಸ ಕೇಳುವುದು (ಡಿಎನ್‌ಎಸ್) ಇದನ್ನೇ, ಜಾಹೀರಾತಿನ ವಿಳಾಸ ಇದು ಕೊಡುವುದಿಲ್ಲ. ಯೂಟ್ಯೂಬಿನವು ನಿಲ್ಲುವುದಿಲ್ಲ, ವಿಡಿಯೋ ಬರುವ ಬಾಗಿಲಲ್ಲೇ ಅವೂ ಬರುತ್ತವೆ. ಆದರೆ ಸ್ಮಾರ್ಟ್ ಟಿವಿ ಸದ್ದಿಲ್ಲದೆ ಎಲ್ಲೆಲ್ಲಿಗೆ ಫೋನ್ ಮಾಡುತ್ತಿತ್ತು ಅಂತ ಲಾಗ್ ನೋಡಿದಾಗ ಗಾಬರಿಯಾಯಿತು. ಯಾರೂ ನೋಡದೇ ಇದ್ದಾಗಲೂ ರಾತ್ರಿ ಸಾವಿರಾರು ಸಲ! ಕಷ್ಟ ಏನಂದ್ರೆ, ಪೆಟ್ಟಿಗೆ ಮಲಗಿದರೆ ಇಡೀ ಮನೆಯ ನೆಟ್ ಮಲಗುತ್ತದೆ. ಎರಡನೇ ಡಿಎನ್‌ಎಸ್ ಅಂತ ಹೊರಗಿನದು ಕೊಟ್ಟರೆ ಜಾಹೀರಾತು ಆ ಕಡೆಯಿಂದ ನುಗ್ಗುತ್ತವೆ. ಅಮ್ಮನ ಧಾರಾವಾಹಿ ಎರಡು ಸಲ ನಿಂತಿತು. ಮೂರನೇ ಸಲ ನಿಂತಿದ್ದರೆ ಪೆಟ್ಟಿಗೆ ಬೀದಿಗೆ ಬೀಳುತ್ತಿತ್ತು. ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರೂಟರಿಗೆ ಇಲ್ಲ. ಸಾವಿರದ ನಾನೂರರ 12 ವೋಲ್ಟ್ ಪುಟ್ಟ ಯುಪಿಎಸ್ ಹಾಕಿದ ಮೇಲೆ ಮನೆಯಲ್ಲಿ ಶಾಂತಿ.

ಹೆಂಡತಿಯ ಪ್ರಶ್ನೆ ಬೇರೆ. ‘ರೀ, ಗೃಹಜ್ಯೋತಿ 200 ಯೂನಿಟ್ ದಾಟಿಸಿಬಿಟ್ಟೀರಾ, ಪೂರ್ತಿ ಬಿಲ್ ಬರುತ್ತೆ.’ ವ್ಯಾಟ್ ಮೀಟರ್ ಸಿಕ್ಕಿಸಿ ತೋರಿಸಿದೆ: ಸುಮ್ಮನಿದ್ದಾಗ 13-14 ವ್ಯಾಟ್, ತಿಂಗಳಿಗೆ ಹತ್ತು ಯೂನಿಟ್ ಅಷ್ಟೇ. ಒಪ್ಪಿದಳು, ಮೀಟರ್ ಬೆಲೆ ಮಾತ್ರ ಇನ್ನೂ ಹೇಳಿಲ್ಲ.

ಹೊರಗಿಂದ ತಲುಪುವುದು ಹೇಗೆ ಅಂತ ಕೇಳುತ್ತೀರಿ. ರೂಟರಿನ ಹೊರಗಿನ ಐಪಿ 100.64ರಿಂದ 100.127ರ ಒಳಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ (ಹೊರಗಿಂದ ಮನೆಯ ಮಷೀನಿಗೆ ನೇರ ಬಾಗಿಲು) ಆಸೆ ಬಿಡಿ, ಅದು ಸಿಜಿನ್ಯಾಟ್, ಅಂದರೆ ನೆಟ್ ಕಂಪನಿ ಒಂದೇ ಐಪಿಯನ್ನು ಹಲವು ಮನೆಗೆ ಹಂಚಿರುತ್ತದೆ. ನಾನು ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6 ಮೇಲೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಿಡಿದೆ. ಇನ್ನೊಂದು ಸಣ್ಣ ಕೈಚಳಕ ಇದೆ, ಅದನ್ನು ಭಾಮೈದನಿಗೇ ಹೇಳಿಲ್ಲ, ನಿಮಗೆ ಹೇಳ್ತೀನಾ?

ಮನೆಗೆ ಬೆಂಕಿ ಬಿದ್ದರೆ, ಕಳ್ಳ ಬಂದರೆ? ಇನ್ನೊಂದು ನಕಲು ಲಕ್ಸ್ ಬೀಗ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಲಿನಕ್ಸ್ ಎನ್‌ಕ್ರಿಪ್ಶನ್) ಹಾಕಿದ ಯುಎಸ್‌ಬಿ ಡಿಸ್ಕಿನಲ್ಲಿ ತಿಪಟೂರಿನ ಅತ್ತೆ ಮನೆಯಲ್ಲಿದೆ. ಎರಡು ತಿಂಗಳಿಗೊಮ್ಮೆ ಹೋದಾಗ ತಂದು ತುಂಬಿಸಿ ಮತ್ತೆ ಕೊಡುತ್ತೇನೆ. ಅತ್ತೆ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಡುತ್ತಾರೆ. ಹೋದ ಸಲ ತಂದಾಗ ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಫೈಲ್ ಬದಲಾಗಿಲ್ಲವೇ ಅಂತ ತಾಳೆ ನೋಡುವ ಚೆಕ್‌ಸಮ್ ಓಡಿಸಿದೆ, ಒಂದು ಫೋಟೋನೂ ಕೆಟ್ಟಿರಲಿಲ್ಲ.