ಲೆಕ್ಕಪರಿಶೋಧನೆಯಿಂದ ಕಪ್ಪೆಗಳ ಸಂರಕ್ಷಣೆಗೆ: ನನ್ನ ಎರಡನೆಯ ವೃತ್ತಿ

ಕಪ್ಪೆಗಳ ಮೇಲಿನ ಆಸಕ್ತಿಯನ್ನೇ ಉದ್ಯೋಗವಾಗಿಸಿಕೊಳ್ಳಲು ಸಾಧ್ಯವೇ ಎಂದು ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಬೇರೊಂದು ವೃತ್ತಿಯಲ್ಲಿ ದಶಕಗಳನ್ನು ಕಳೆದವರು. ಸಾಧ್ಯವೆಂದೇ ನಾನು ಉತ್ತರಿಸುತ್ತೇನೆ. ಆದರೆ ಈ ಕ್ಷೇತ್ರದಲ್ಲಿ ನನಗೆ ಸಂಬಳದ ಕೆಲಸ ದೊರಕಿಸಿಕೊಟ್ಟದ್ದು ಕಪ್ಪೆಗಳ ಮೇಲಿನ ಪ್ರೀತಿಗಿಂತ ಹೆಚ್ಚಾಗಿ, ಲೆಕ್ಕಪರಿಶೋಧಕಿಯಾಗಿ ದುಡಿದ ವರ್ಷಗಳಲ್ಲಿ ಮೈಗೂಡಿದ ದಾಖಲೆಯ ಶಿಸ್ತು.

ಚಿಕ್ಕಂದಿನಿಂದಲೂ ಮಳೆ ಸುರಿದ ರಾತ್ರಿಗಳಲ್ಲಿ ಕಪ್ಪೆಗಳ ಕೂಗನ್ನು ಅರಸಿ ಹೋಗುತ್ತಿದ್ದೆ. ಉದ್ಯೋಗಕ್ಕೆ ಸೇರಿದ ಮೇಲೆ ಆ ಹವ್ಯಾಸಕ್ಕೆ ಒಂದು ಕ್ರಮ ಬಂತು. ಒಂದೇ ಕೊಳಕ್ಕೆ ಮತ್ತೆ ಮತ್ತೆ ಹೋಗಿ ದಿನಾಂಕ, ಹೊತ್ತು, ಗಾಳಿಯ ಮತ್ತು ನೀರಿನ ಉಷ್ಣತೆ, ಎಷ್ಟು ನಿಮಿಷ ಆಲಿಸಿದೆ, ಯಾವ ಯಾವ ಪ್ರಭೇದದ ಕೂಗು ಕೇಳಿಸಿತು ಎಂಬುದನ್ನೆಲ್ಲ ಬರೆದಿಡತೊಡಗಿದೆ. ಏನೂ ಕೇಳಿಸದ ರಾತ್ರಿಯನ್ನೂ ಬಿಡದೆ ಬರೆಯುತ್ತಿದ್ದೆ. ವಹಿವಾಟು ನಡೆಯದ ದಿನಕ್ಕೂ ಲೆಕ್ಕಪುಸ್ತಕದಲ್ಲಿ ಜಾಗವಿರುತ್ತದೆಯಲ್ಲವೇ? ಮುಂದೆ ಸಂಶೋಧಕರ ತಂಡವೊಂದು ನನ್ನ ಟಿಪ್ಪಣಿಗಳನ್ನು ನೋಡಿದಾಗ ಅವರು ಮೊದಲು ವಿಚಾರಿಸಿದ್ದು ಈ ಖಾಲಿ ರಾತ್ರಿಗಳನ್ನೇ. ಒಣಹವೆಯಲ್ಲೋ ಚಳಿಯಲ್ಲೋ ಕಪ್ಪೆಗಳು ಕೂಗದೆ ಸುಮ್ಮನಿರುತ್ತವೆ. ಹೀಗಾಗಿ ಒಂದು ಭೇಟಿಯಲ್ಲಿ ಕೂಗು ಕೇಳಿಸದ ಮಾತ್ರಕ್ಕೆ ಆ ಪ್ರಭೇದ ಅಲ್ಲಿಲ್ಲವೆಂದು ತೀರ್ಮಾನಿಸಲಾಗದು. ಒಂದೇ ಕ್ರಮದಲ್ಲಿ ಹಲವು ಬಾರಿ ಭೇಟಿ ನೀಡಿ, ಖಾಲಿ ಭೇಟಿಗಳನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದಾಗ ಮಾತ್ರ ಕಣ್ಣುತಪ್ಪಿದ ಕಪ್ಪೆಯನ್ನು ಕಣ್ಮರೆಯಾದ ಕಪ್ಪೆಯಿಂದ ಬೇರ್ಪಡಿಸಬಹುದು.

ಇದರ ಮಹತ್ವ ನನಗೆ ಪೂರ್ತಿಯಾಗಿ ಅರಿವಾದದ್ದು ಈ ಕ್ಷೇತ್ರದ ಇತಿಹಾಸವನ್ನು ಓದಿದಾಗ. 1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಉಭಯವಾಸಿ ಮತ್ತು ಸರೀಸೃಪ ತಜ್ಞರ ಮೊದಲ ವಿಶ್ವ ಸಮ್ಮೇಳನ ನಡೆದಾಗ, ಬೇರೆ ಬೇರೆ ದೇಶಗಳ ತಜ್ಞರು ತಮ್ಮಲ್ಲಿ ಕಪ್ಪೆಗಳು ಕಡಿಮೆಯಾಗುತ್ತಿವೆಯೆಂದು ಪರಸ್ಪರ ಹೇಳಿಕೊಂಡರು. ಆದರೆ ಉಭಯವಾಸಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಸಹಜವಾಗಿಯೇ ಬಹಳ ಏರಿಳಿಯುತ್ತದೆ. ಕಾಣುತ್ತಿರುವುದು ಆ ಏರಿಳಿತವೋ ನಿಜವಾದ ಕುಸಿತವೋ ಎಂದು ಹೇಳಬಲ್ಲಂಥ ದೀರ್ಘಕಾಲದ ದಾಖಲೆಗಳು ವಿರಳವಾಗಿದ್ದವು. ಕೋಸ್ಟರಿಕಾದ ಚಿನ್ನದ ಬಣ್ಣದ ನೆಲಗಪ್ಪೆಗಳು 1987ರಲ್ಲಿ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಕಂಡುಬಂದಿದ್ದವು. 1989ರಲ್ಲಿ ಕಂಡದ್ದು ಒಂದೇ ಒಂದು, ಮತ್ತೆಂದೂ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿಗಳಲ್ಲಿ ಸುಮಾರು ಶೇ. 41ರಷ್ಟು ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ. ಇಷ್ಟು ಖಚಿತವಾಗಿ ಇಂದು ಹೇಳಲಾಗುತ್ತಿದೆಯೆಂದರೆ, ಅದರ ಹಿಂದೆ ಅಸಂಖ್ಯ ಜನ ರಾತ್ರಿಗಳಲ್ಲಿ ನಿಂತು ಬರೆದ ಟಿಪ್ಪಣಿಗಳಿವೆ.

ದಾಖಲೆಯ ಅಭ್ಯಾಸವೇನೋ ನನಗಿತ್ತು, ಜೀವಿಗಳನ್ನು ಮುಟ್ಟುವ ಕೆಲಸವನ್ನು ಮಾತ್ರ ಕಲಿಯಬೇಕಾಯಿತು. ಕಪ್ಪೆಯ ಚರ್ಮವು ನೀರನ್ನೂ ಉಸಿರನ್ನೂ ಹೀರಿಕೊಳ್ಳುವ ಅಂಗವಾದ್ದರಿಂದ ನಮ್ಮ ಕೈಗೆ ಹಚ್ಚಿದ ಸೊಳ್ಳೆ ನಿವಾರಕವೂ ಅದಕ್ಕೆ ವಿಷವಾಗಬಲ್ಲದು. ಪ್ರತಿಯೊಂದು ಕಪ್ಪೆಗೂ ಹೊಸ ಕೈಗವಸು ತೊಟ್ಟು, ಹತ್ತಿ ಸುತ್ತಿದ ಕಡ್ಡಿಯನ್ನು ಅದರ ಹೊಟ್ಟೆ, ತೊಡೆ ಮತ್ತು ಕಾಲ್ಬೆರಳುಗಳ ನಡುವಿನ ಪೊರೆಯ ಮೇಲೆ ಹಗುರವಾಗಿ ಉರುಳಿಸಿ ಕಪ್ಪೆಗಳ ಚರ್ಮಕ್ಕೆ ರೋಗ ತರುವ ಕೈಟ್ರಿಡ್ ಶಿಲೀಂಧ್ರದ ಪರೀಕ್ಷೆಗೆ ಮಾದರಿ ತೆಗೆಯುತ್ತೇವೆ. 1999ರಲ್ಲಿ ವೈಜ್ಞಾನಿಕವಾಗಿ ವಿವರಿಸಲಾದ ಈ ಶಿಲೀಂಧ್ರ ಬೆಳೆಯುವುದು ಚರ್ಮದ ಹೊರಪದರದಲ್ಲಿರುವಂಥ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಇರುವ ಭಾಗಗಳಲ್ಲಿ. ಗೊದಮೊಟ್ಟೆಗಳಲ್ಲಿ ಬಾಯಿಯ ಸುತ್ತ ಮಾತ್ರ ಕೆರಾಟಿನ್ ಇರುವುದರಿಂದ ಸೋಂಕಿದ್ದರೂ ಅವು ಸಾಮಾನ್ಯವಾಗಿ ಬದುಕುತ್ತವೆ. ರೂಪಾಂತರ ಹೊಂದಿ ಮೈಯೆಲ್ಲ ಕಪ್ಪೆಯ ಚರ್ಮ ಬಂದ ಮೇಲೆ ಅದರ ಮೂಲಕ ನಡೆಯುವ ಲವಣಗಳ ವಿನಿಮಯ ಕೆಟ್ಟು, ಕೊನೆಗೆ ಹೃದಯ ನಿಲ್ಲಬಹುದು. ಗೊದಮೊಟ್ಟೆಗಳಿಂದ ತುಂಬಿದ ಕೊಳವನ್ನು ಕಂಡು ಎಲ್ಲ ಸರಿಯಾಗಿದೆಯೆಂದು ನಾನು ನಂಬದಿರುವುದು ಇದೇ ಕಾರಣಕ್ಕೆ.

ಒಂದು ಕೊಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟುಗಳನ್ನು ಶುಚಿಗೊಳಿಸುವುದು ಅತ್ಯಂತ ಬೇಸರದ ಕೆಲಸ, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದೂ ಹೌದು. ಮೊದಲು ಬ್ರಷ್‌ನಿಂದ ಅಟ್ಟೆಯ ಸಂದಿಗಳಲ್ಲಿನ ಕೆಸರನ್ನು ಪೂರ್ತಿ ತೆಗೆಯಬೇಕು. ಕೆಸರು ಉಳಿದರೆ ಬ್ಲೀಚಿನ ಶಕ್ತಿ ಅಲ್ಲಿಯೇ ಕುಂದುತ್ತದೆ. ಸೋಂಕುನಿವಾರಕದಲ್ಲಿ ಸಾಕಷ್ಟು ಹೊತ್ತು ನೆನೆಸಿ, ಕೊಳದಿಂದ ದೂರದಲ್ಲಿ ತೊಳೆದು, ಚೆನ್ನಾಗಿ ಒಣಗಿಸಬೇಕು. ಕಪ್ಪೆಗಳನ್ನು ಉಳಿಸಲು ಬಂದವರೇ ರೋಗವನ್ನು ಹೊತ್ತು ತರುವಂತಾಗಬಾರದು.

ವೃತ್ತಿ ಬದಲಾವಣೆ ಒಮ್ಮೆಲೇ ಆಗಲಿಲ್ಲ. ಮೊದಲು ಸ್ವಯಂಸೇವಕಿಯಾಗಿ ಒಂದು ಸಮೀಕ್ಷಾ ತಂಡದ ದತ್ತಾಂಶವನ್ನು ಸರಿಪಡಿಸಿಕೊಟ್ಟೆ; ಅದೇ ಕೆಲಸಕ್ಕೆ ಮುಂದೆ ಅರೆಕಾಲಿಕ ಗುತ್ತಿಗೆ ದೊರೆಯಿತು. ಹಳೆಯ ಉದ್ಯೋಗದ ಅವಧಿಯನ್ನು ಕಡಿಮೆ ಮಾಡಿಕೊಳ್ಳುತ್ತ, ಕಡಿಮೆ ಆದಾಯದಲ್ಲಿ ಮನೆ ನಡೆಯುತ್ತದೆಯೇ ಎಂಬುದನ್ನು ಕೆಲಸ ಬಿಡುವ ಮೊದಲೇ ಪರೀಕ್ಷಿಸಿ ನೋಡಿದೆ. ಇಂದು ನನಗೆ ಹಣ ಬರುವುದು ಮುಖ್ಯವಾಗಿ ದತ್ತಾಂಶ ನಿರ್ವಹಣೆ, ಅನುಮತಿಯ ಅರ್ಜಿಗಳು, ಅನುದಾನದ ಲೆಕ್ಕಪತ್ರ ಮತ್ತು ವರದಿಗಳಿಂದ. ಕೊಳದ ಬಳಿ ಕಳೆಯುವ ಸಮಯ ಇವೆಲ್ಲಕ್ಕಿಂತ ಕಡಿಮೆ. ಅದರಲ್ಲಿ ನನಗೆ ನಿರಾಸೆಯಿಲ್ಲ, ಏಕೆಂದರೆ ಸಂರಕ್ಷಣಾ ತಂಡಗಳಲ್ಲಿ ಕಪ್ಪೆಗಳನ್ನು ಬಲ್ಲವರು ಸಾಕಷ್ಟಿದ್ದು, ಈ ಕೆಲಸಗಳಿಗೆ ಜನ ಸಿಗುವುದೇ ಕಷ್ಟವೆಂಬುದನ್ನು ಕಂಡಿದ್ದೇನೆ. ಈ ದಾರಿಗೆ ಬರಬೇಕೆನ್ನುವವರಿಗೆ, ಉದ್ಯೋಗ ಬಿಡುವ ಮುನ್ನವೇ ಹತ್ತಿರದ ಒಂದು ಕೊಳವನ್ನು ಆರಿಸಿಕೊಂಡು, ಪ್ರಾಣಿಗಳನ್ನು ಮುಟ್ಟದೆ, ಕೂಗನ್ನಷ್ಟೇ ಆಲಿಸಿ ಒಂದು ಸಂತಾನೋತ್ಪತ್ತಿ ಋತುವಿನುದ್ದಕ್ಕೂ ದಾಖಲಿಸಿ ನೋಡಿ ಎನ್ನುತ್ತೇನೆ. ಅದಕ್ಕೆ ಬೇಕಾದದ್ದು ಟಾರ್ಚು, ಉಷ್ಣತಾಮಾಪಕ, ಧ್ವನಿ ಮುದ್ರಿಸಬಲ್ಲ ಫೋನು ಮತ್ತು ಒಂದು ಪುಸ್ತಕ.