ಎರಡು ಬಿಳಿ, ಒಂದು ಹಾಲ್: ಹಲಗೆ ಹಿಡಿದು ಶೇಡ್ ಆರಿಸಿದ ನನ್ನ ಅನುಭವ

“ಎರಡೂ ಬಿಳಿನೇ ಅಲ್ವಾ ಮೇಸ್ತ್ರಿ, ಯಾವುದೋ ಒಂದು ಹೊಡೀರಿ” ಎಂದರು ಮನೆ ಯಜಮಾನರು. ಅಂಗಡಿಯವರದೂ ಅದೇ ಮಾತು. ಬಣ್ಣದ ಮೇಸ್ತ್ರಿಯಾದ ನಾನು ಒಪ್ಪಲಿಲ್ಲ. ಮೈಸೂರಿನ ಹಳೇ ಮನೆ, ಉತ್ತರದ ಕಿಟಕಿ, ರೆಡ್ ಆಕ್ಸೈಡ್ ನೆಲ. ಒಂದು ಶೇಡ್ ಹಳದಿ ಕಡೆ ವಾಲುವ ಕೆನೆಬಿಳಿ, ಇನ್ನೊಂದು ಚೂರು ಬೂದು ಬೆರೆತ ಬಿಳಿ. ಶೇಡ್ ಕಾರ್ಡ್‌ನಲ್ಲಿ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ.

ಯಜಮಾನರ ಒತ್ತಾಯಕ್ಕೆ ಮೊದಲು ಗೋಡೆ ಮೇಲೇ ಪ್ಯಾಚ್ ಹೊಡೆದೆವು. ಹಳೇ ಬಣ್ಣ ತಿಳಿಹಸಿರು. ಅದರ ಪಕ್ಕ ಬೂದುಬಿಳಿ ಗುಲಾಬಿಯಾಗಿ ಕಂಡಿತು. ಆ ಪ್ಯಾಚ್ ಉಜ್ಜಿ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ಬಿಳಿ ಕೋಟ್) ಹೊಡೆಯುವುದಕ್ಕೇ 800 ರೂಪಾಯಿ ಹತ್ತಿರ ಹೋಯಿತು.

ಆಮೇಲೆ ನನ್ನ ದಾರಿ ಹಿಡಿದೆ. ಎರಡಡಿ ಪ್ಲೈವುಡ್ ತುಂಡುಗಳಿಗೆ ಪುಟ್ಟಿ, ಪ್ರೈಮರ್, ರೋಲರ್‌ನಲ್ಲಿ ಎರಡು ಕೋಟ್. ಸುತ್ತ ಎರಡಿಂಚು ಪ್ರೈಮರ್ ಹಾಗೇ ಬಿಟ್ಟೆ, ಹಳೇ ಗೋಡೆ ಕಣ್ಣಿಗೆ ಮೋಸ ಮಾಡಬಾರದು ನೋಡಿ. ಎಮಲ್ಷನ್, ಅಂದರೆ ನೀರಲ್ಲಿ ಕಲಸುವ ಗೋಡೆ ಬಣ್ಣ, ಒಣಗಿದ ಮೇಲೆ ತುಸು ಗಾಢವಾಗುತ್ತದೆ, ಅದಕ್ಕೆ ಒಂದಿಡೀ ದಿನ ಮುಟ್ಟಲಿಲ್ಲ. ಆಮೇಲೆ ಗೋಡೆಗೆ ಒರಗಿಸಿ, ಒಂದು ಸಲಕ್ಕೆ ಒಂದೇ ಹಲಗೆ ನೋಡಿದೆವು.

ನೆಲದ ಹತ್ತಿರ ಇಟ್ಟಾಗ ಕೆನೆಬಿಳಿ ಅರಿಸಿನಕ್ಕೆ ಸುಣ್ಣ ತಾಗಿದ ಹಾಗೆ ಕೆಂಪಾಯಿತು. ನಮ್ಮ ಹುಡುಗರು ನಂಬಲಿಲ್ಲ. ಯಜಮಾನರ ಬಿಳಿ ಪಂಚೆ ಕೇಳಿ ನೆಲಕ್ಕೆ ಹಾಸಿದೆ, ಕೆಂಪು ಮಾಯ! ಅಲ್ಲಿಗೆ ಎಲ್ಲರ ಬಾಯಿ ಮುಚ್ಚಿತು. ಬೂದುಬಿಳಿ ಮಾತ್ರ ಅದೇ ನೆಲದ ಹತ್ತಿರವೂ ಹದವಾದ ಬಿಳಿಯಾಗಿ ನಿಂತಿತ್ತು.

ರಾತ್ರಿ ಇನ್ನೊಂದು ತೊಂದರೆ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಾದಷ್ಟೂ ನೀಲಿ ಕಡೆ, ಕಡಿಮೆಯಾದಷ್ಟೂ ಹಳದಿ ಕಡೆ) ಎಲ್‌ಇಡಿ ಕೆಳಗೆ ಬೂದುಬಿಳಿ ಬೂದಿಯಂತೆ ಮಂಕಾಯಿತು. 3000ದ ಬಲ್ಬ್ ಹಾಕಿದರೆ ಹಳದಿ ಜಾಸ್ತಿ. 4000ದಲ್ಲಿ ಸರಿಹೋಯಿತು. ಬಲ್ಬ್ ಒಂದಕ್ಕೆ 120 ರೂಪಾಯಿ ಇದ್ದಿರಬೇಕು.

ಗೋಡೆಗೆ ಬೂದುಬಿಳಿಯೇ ಖಾಯಂ ಆಯಿತು. ಸುಮ್ನೆ ಕುತೂಹಲಕ್ಕೆ ಅದನ್ನೇ ಟಿಂಟ್ (ಬೆರೆಸುವ ಬಣ್ಣ) ಕಡಿಮೆ ಮಾಡಿಸಿ ಸೀಲಿಂಗ್‌ಗೂ ಹೊಡೆದೆ. ಕೋಣೆ ಎತ್ತರ ಕಂಡಿತು. ಎಷ್ಟು ಕಡಿಮೆ ಎಂಬ ಅಳತೆ ನನ್ನ ಹತ್ತಿರವೇ ಇರಲಿ, ಅದು ನನ್ನ ಅನ್ನ.

ಸ್ಯಾಂಪಲ್ ಡಬ್ಬಿ, ಪ್ಲೈವುಡ್ ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಹಾಲ್ ಮತ್ತೆ ಹೊಡೆಯಬೇಕಾಗಿದ್ದರೆ ಕೂಲಿ, ಸಾಮಾನು ಸೇರಿ 14 ಸಾವಿರವಾದರೂ ಆಗುತ್ತಿತ್ತು. ಈಗ ಯಜಮಾನರೇ ಮಲಗುವ ಕೋಣೆಗೂ ಹಲಗೆ ತನ್ನಿ ಎನ್ನುತ್ತಿದ್ದಾರೆ. ಅಲ್ಲಿ ಅವರಿಗೆ ತುಸು ಹೊಳೆಯುವ ಸ್ಯಾಟಿನ್ ಬಣ್ಣ ಬೇಕಂತೆ. ಹಾಲ್‌ನ ಮ್ಯಾಟ್ (ಹೊಳಪಿಲ್ಲದ) ಹಲಗೆ ಅದಕ್ಕೆ ನಡೆಯುವುದಿಲ್ಲ, ಹೊಳಪಿಗೆ ಬಿಳಿ ಬೇರೆಯಾಗಿಯೇ ಕಾಣುತ್ತದೆ. ಹೊಸ ಹಲಗೆಗೆ ಪುಟ್ಟಿ ಹಾಕಿಟ್ಟಿದ್ದೇನೆ.